ಚೌಕಿಯೊಳಗೆ ಹೋಗಬಹುದೇ?

ಪ್ರಶ್ನೆ: ಕರಾವಳಿಯಲ್ಲಿ ಯಕ್ಷಗಾನ ಬಯಲಾಟ ನೋಡಲು ಹೋದಾಗ, ವೇಷ ಕಟ್ಟುವ ಚೌಕಿಗೆ ನಮ್ಮಂಥ ಹೊರಗಿನವರೂ ಹೋಗಬಹುದೇ? ಅಲ್ಲಿ ನೋಡುವಂಥದ್ದೇನಿದೆ?

ಉತ್ತರ: ಧಾರಾಳವಾಗಿ ಹೋಗಿ, ಚಪ್ಪಲಿ ಮಾತ್ರ ಹೊರಗೆ ಬಿಡಿ. ಮೇಳದ ದೇವರು ಇರುವುದೂ ಚೌಕಿಯಲ್ಲೇ. ಆಟಕ್ಕೆ ಮೊದಲು ಅಲ್ಲಿ ಪೂಜೆಯಾಗಿ, ಪ್ರಸಾದ ಹಂಚಿದ ಮೇಲೆಯೇ ಹಾಡುವ ಭಾಗವತರು ರಂಗಸ್ಥಳಕ್ಕೆ ಹೊರಡುವುದು. ಆ ಪೂಜೆಗೆ ಊರವರೂ ನಿಲ್ಲುತ್ತಾರೆ, ನೀವೂ ನಿಲ್ಲಬಹುದು.

ಚೌಕಿಯೆಂದರೆ ಸಾಮಾನ್ಯವಾಗಿ ಗದ್ದೆಯಲ್ಲೋ ಶಾಲೆಯ ಬಯಲಲ್ಲೋ ಹಾಕಿದ ಒಂದು ಚಪ್ಪರ. ಸಾಲಾಗಿ ಪೆಟ್ಟಿಗೆಗಳು. ಬಣ್ಣದ ವೇಷ, ಪುರುಷವೇಷ, ಸ್ತ್ರೀವೇಷ, ಹಾಸ್ಯಗಾರ, ಯಾರು ಎಲ್ಲಿ ಕೂರಬೇಕೆಂಬುದಕ್ಕೆ ಕ್ರಮವಿದೆ. ಮುಖಕ್ಕೆ ಬಣ್ಣ ಹಚ್ಚಲು ಬೇರೆಯವರಿಲ್ಲ. ಎಡಗೈಯಲ್ಲಿ ಕನ್ನಡಿ ಹಿಡಿದು ಕಲಾವಿದರೇ ತಮ್ಮ ಮುಖ ಬರೆದುಕೊಳ್ಳುತ್ತಾರೆ. ಉಡುಗೆ ಕಟ್ಟಲು, ದಾರ ಬಿಗಿಯಲು ಮಾತ್ರ ನೇಪಥ್ಯದವರ ಕೈ ಬೇಕು.

ನನ್ನನ್ನು ಕೇಳಿದರೆ, ಬಣ್ಣದ ವೇಷದ ಎದುರಿಗೇ ಕುಳಿತುಬಿಡಿ. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ರಕ್ಕಸನ ಮುಖಕ್ಕೆ ಚುಟ್ಟಿ ಇಡುವುದು ಗಂಟೆಗಟ್ಟಲೆಯ ಕೆಲಸ. ಅಕ್ಕಿಯನ್ನು ನುಣ್ಣಗೆ ಅರೆದು ಸುಣ್ಣ ಸೇರಿಸಿದ ಹಿಟ್ಟನ್ನು ಸಣ್ಣ ಕಡ್ಡಿಯ ತುದಿಯಲ್ಲಿ ತೆಗೆದು, ಹುಬ್ಬಿನ ಮೇಲೆ, ಕೆನ್ನೆಯ ಅಂಚಿನಲ್ಲಿ ಮುಳ್ಳು ಮುಳ್ಳಾಗಿ ಇಡುತ್ತಾ ಹೋಗುತ್ತಾರೆ. ಒಂದು ಸಾಲು ಒಣಗಬೇಕು, ಆಮೇಲೆ ಅದರ ಮೇಲೆ ಇನ್ನೊಂದು. ನಕ್ಕರೆ ಚುಟ್ಟಿ ಬಿರಿಯುತ್ತದೆ. ಹಾಗಾಗಿ ಅವರನ್ನು ಮಾತಿಗೆಳೆಯಬೇಡಿ. ಮೊಬೈಲಿನ ಫ್ಲ್ಯಾಶಂತೂ ಬೇಡವೇ ಬೇಡ. ಬಡಗಿನ, ಅಂದರೆ ಉತ್ತರದ ಶೈಲಿಯ, ಚೌಕಿಯಾದರೆ ಕೇದಗೆ ಮುಂದಲೆ ಕಟ್ಟುವುದನ್ನು ತಪ್ಪಿಸಬೇಡಿ. ಅದು ಸಿದ್ಧ ಕಿರೀಟವಲ್ಲ, ಪ್ರತಿ ಆಟಕ್ಕೂ ತಲೆಯ ಮೇಲೇ ಬಟ್ಟೆ ಸುತ್ತಿ ಕಟ್ಟಬೇಕು.

ಕಣ್ಣಿಗಿಂತ ಕಿವಿಗೆ ಅಲ್ಲಿ ಹೆಚ್ಚು ಸಿಗುತ್ತದೆ ಎಂದೂ ನನಗನ್ನಿಸಿದೆ. ಪ್ರಸಂಗದಲ್ಲಿ ಬರೆದಿರುವುದು ಪದ್ಯ ಮಾತ್ರ, ಮಾತೆಲ್ಲ ಕಲಾವಿದರದೇ. ಇವತ್ತು ಮೊದಲ ಬಾರಿ ಅಭಿಮನ್ಯು ಮಾಡುವ ಹುಡುಗ, ಬಣ್ಣ ಹಚ್ಚಿಕೊಳ್ಳುತ್ತಲೇ ಹಿರಿಯರನ್ನು ಕೇಳುತ್ತಾನೆ: ‘ಈ ಪದ್ಯಕ್ಕೆ ಅರ್ಥ ಎಲ್ಲಿಂದ ಎತ್ತಲಿ? ದ್ರೋಣರ ಎದುರು ಎಷ್ಟು ಬಿರುಸಾಗಬಹುದು?’ ಹಿರಿಯರು ಕನ್ನಡಿಯಿಂದ ಕಣ್ಣು ತೆಗೆಯದೆ ನಾಲ್ಕು ಮಾತು ಹೇಳುತ್ತಾರೆ. ಯಕ್ಷಗಾನ ಒಬ್ಬರಿಂದ ಒಬ್ಬರಿಗೆ ದಾಟಿದ್ದು ಬಹುಪಾಲು ಹೀಗೆಯೇ. ಇಡೀ ರಾತ್ರಿಯ ಆಟಗಳು ಕಾಲಮಿತಿಯವಾಗಿ ಚಿಕ್ಕವಾದಷ್ಟೂ ಈ ಪಾಠದ ಹೊತ್ತೂ ಚಿಕ್ಕದಾಗುತ್ತಿದೆಯಲ್ಲ ಎಂಬುದೇ ನನ್ನ ಸಂಕಟ.

ಬಯಲಾಟದ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಗೆ ಬರುವ, ತುಳುನಾಡಿನ ಪತ್ತನಾಜೆ ಎಂಬ ದಿನದವರೆಗೆ ಇರುತ್ತದೆ. ಇಡೀ ರಾತ್ರಿಯ ಆಟವಾದರೆ ರಕ್ಕಸರು ರಂಗಕ್ಕೆ ಬರುವುದು ನಡುರಾತ್ರಿ ಕಳೆದ ಮೇಲೆ. ಊಟ ಮುಗಿಸಿ ನಿಧಾನ ಹೋದರೂ ಚುಟ್ಟಿ ಸಿಗುತ್ತದೆ. ಕಾಲಮಿತಿಯ ಆಟವಾದರೆ ಚೆಂಡೆ ಕೇಳುವ ಮೊದಲೇ, ಹೊತ್ತು ಮುಳುಗುವ ಮುಂಚೆ ಚೌಕಿ ಸೇರಿಕೊಳ್ಳಿ.