ಕಾಣುವುದು, ಕಾಣಿಸಿಕೊಳ್ಳುವುದು

ಕಾಸರಗೋಡು ಸೀಮೆಯ ದೇವಾಲಯಗಳ ಉತ್ಸವದ ಆಮಂತ್ರಣ ಪತ್ರಿಕೆಗಳಲ್ಲಿ ‘ದರ್ಶನಬಲಿ, ಬಟ್ಟಲು ಕಾಣಿಕೆ, ಪ್ರಸಾದ ವಿತರಣೆ’ ಎಂಬ ಪಂಕ್ತಿ ಮತ್ತೆ ಮತ್ತೆ ಕಾಣಸಿಗುತ್ತದೆ. ವರುಷ ವರುಷವೂ ಓದಿ ರೂಢಿಯಾದ ಈ ಪಂಕ್ತಿಯಲ್ಲಿ ದರ್ಶನ, ಕಾಣಿಕೆ ಎಂಬ ಎರಡು ಪದಗಳು ಒಂದೇ ಅರ್ಥದ ಎರಡು ಬೇರುಗಳಿಂದ ಹುಟ್ಟಿದವೆಂಬುದನ್ನು ಬಹುಮಂದಿ ಗಮನಿಸಿರಲಾರರು. ‘ದರ್ಶನ’ವು ಸಂಸ್ಕೃತದ ದೃಶ್ ಧಾತುವಿನಿಂದ ಬಂದುದು, ‘ಕಾಣಿಕೆ’ಯು ಕನ್ನಡದ ಕಾಣ್ ಧಾತುವಿನಿಂದ. ಎರಡಕ್ಕೂ ಮೂಲಾರ್ಥ ಕಾಣುವುದೇ. ಬಟ್ಟಲಿಗೆ ನಾಣ್ಯವನ್ನು ಹಾಕುವ ಭಕ್ತನ ನಾಲಗೆಯಲ್ಲಿ ಈ ಅರ್ಥವು ಮರೆಯಾಗಿದ್ದರೂ ಪದದೊಳಗೆ ಇನ್ನೂ ಉಳಿದುಕೊಂಡಿದೆ.

ಕಣ್ಣಿನ ವ್ಯಾಪಾರಕ್ಕೆ ಕನ್ನಡದಲ್ಲಿ ಮುಖ್ಯವಾಗಿ ಎರಡು ಕ್ರಿಯಾಪದಗಳುಂಟು: ನೋಡು, ಕಾಣು. ಮೇಲುನೋಟಕ್ಕೆ ಇವೆರಡೂ ಒಂದೇ ಎನಿಸುವುದು. ಆದರೆ ‘ಎಷ್ಟು ನೋಡಿದರೂ ಕಾಣಲಿಲ್ಲ’ ಎಂದು ಹೇಳುವವರಿದ್ದಾರೆಯೇ ಹೊರತು ‘ಎಷ್ಟು ಕಂಡರೂ ನೋಡಲಾಗಲಿಲ್ಲ’ ಎಂದು ಯಾರೂ ಹೇಳುವುದಿಲ್ಲ. ನೋಡುವುದು ಮನುಷ್ಯನ ಇಚ್ಛೆಗೆ ಸೇರಿದ ಕೆಲಸ. ಕತ್ತು ತಿರುಗಿಸಿ, ಕಣ್ಣು ತೆರೆದರೆ ಸಾಕು. ಕಾಣುವುದಕ್ಕೆ ಎದುರಿನ ವಸ್ತುವಿನ ಸಮ್ಮತಿಯೂ ಬೇಕು. ಅದು ಬೆಳಕಿಗೆ ಬರಬೇಕು, ಮರೆಯಿಂದ ಹೊರಡಬೇಕು. ಆದುದರಿಂದಲೇ ‘ನಾನು ಬೆಟ್ಟವನ್ನು ಕಂಡೆನು’ ಎಂದೂ ‘ನನಗೆ ಬೆಟ್ಟವು ಕಂಡಿತು’ ಎಂದೂ ಎರಡು ಬಗೆಯಲ್ಲಿ ಹೇಳಲು ಸಾಧ್ಯವಾಗಿದೆ. ಒಂದರಲ್ಲಿ ಮನುಷ್ಯನು ಕರ್ತೃ, ಇನ್ನೊಂದರಲ್ಲಿ ಬೆಟ್ಟ.

ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮಲಯಾಳವನ್ನೂ ಆಡುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮಲಯಾಳದ ‘ನೋಕ್ಕುಗ’, ‘ಕಾಣುಗ’ಗಳ ನಡುವೆ ಇರುವುದೂ ಇದೇ ಅಂತರ. ‘ನೋಕ್ಕಿ, ಪಕ್ಷೇ ಕಂಡಿಲ್ಲ’ ಎಂಬ ಮಾತು ಅಲ್ಲಿ ದಿನನಿತ್ಯದ್ದು. ತುಳುವಿನಲ್ಲಿ ನೋಡುವುದಕ್ಕೆ ‘ತೂಪುನಿ’, ಕಣ್ಣಿಗೆ ಬೀಳುವುದಕ್ಕೆ ‘ತೋಜುನಿ’. ಈ ತೋಜುನಿಯು ಕನ್ನಡದ ‘ತೋರು’ ಹಾಗೂ ಮಲಯಾಳದ ‘ತೋನ್ನುಗ’ಗಳ ಒಡಹುಟ್ಟು. ಮಲಯಾಳದಲ್ಲಿ ಅದು ಕಣ್ಣನ್ನು ಬಿಟ್ಟು ಮನಸ್ಸಿಗೆ ಸರಿದು, ‘ಅನಿಸು’ ಎಂಬ ಅರ್ಥವನ್ನು ಹೊತ್ತಿದೆ.

ಇನ್ನು ಕಾಣಿಕೆ. ಬರಿಗೈಯಲ್ಲಿ ಅರಸನನ್ನಾಗಲಿ ಗುರುವನ್ನಾಗಲಿ ಕಾಣಬಾರದೆಂಬುದು ಹಿಂದಿನವರ ಮರ್ಯಾದೆ. ಕಾಣುವಾಗ ಒಪ್ಪಿಸುವ ವಸ್ತುವೇ ಕಾಣಿಕೆಯಾಯಿತು. ಮಲಯಾಳದಲ್ಲಿ ‘ಕಾಣಿಕ್ಕ’, ತಮಿಳಿನಲ್ಲಿ ‘ಕಾಣಿಕ್ಕೈ’, ತೆಲುಗಿನಲ್ಲಿ ‘ಕಾನುಕ’. ನಾಲ್ಕು ಭಾಷೆಗಳೂ ಒಂದೇ ಪದವನ್ನು ಕಾಪಾಡಿಕೊಂಡಿವೆ. ಹೀಗೆ ನೋಡಿದರೆ ಕಾಣಿಕೆಯು ಹಣದ ಹೆಸರಲ್ಲ, ಭೇಟಿಯ ಹೆಸರು. ದೇವರ ಕಡೆ ಕಣ್ಣೆತ್ತದೆ ಡಬ್ಬಿಗೆ ನೋಟು ತುರುಕಿ ಹೊರಟವನು ಹಣವನ್ನು ಕೊಟ್ಟಿರಬಹುದು. ಕಾಣಿಕೆಯನ್ನು ಕೊಟ್ಟನೆನ್ನಲು ಪದವು ಒಪ್ಪದು.

ಅದೇ ಬೇರಿನ ಇನ್ನೊಂದು ಕುಡಿ ‘ಕಣಿ’. ಕರ್ನಾಟಕದ ಒಳನಾಡಿನಲ್ಲಿ ಕೊರವಂಜಿ ಹೇಳುವ ಭವಿಷ್ಯಕ್ಕೆ ಈ ಹೆಸರು. ಗಡಿನಾಡಿನಲ್ಲಿ ವಿಷುವಿನ ಮುಂಜಾನೆ ಮೊದಲು ಕಣ್ಣಿಗೆ ಬೀಳಬೇಕಾದ ಮಂಗಳದ್ರವ್ಯಗಳೇ ಕಣಿ: ಅಕ್ಕಿ, ಹೊಂಬಣ್ಣದ ಸೌತೆ, ಕೊನ್ನೆಹೂವು, ಚಿನ್ನ, ನಾಣ್ಯ, ಕನ್ನಡಿ. ಮಕ್ಕಳನ್ನು ಕಣ್ಣು ಮುಚ್ಚಿಸಿ ಕರೆತಂದು ಅದರ ಮುಂದೆ ನಿಲ್ಲಿಸುತ್ತಾರೆ. ಮೊದಲು ಕಂಡುದೇ ಮುಂದಿನ ವರ್ಷದ ಸೂಚನೆಯೆಂಬ ನಂಬಿಕೆ ಎರಡೂ ಅರ್ಥಗಳನ್ನು ಬೆಸೆಯುತ್ತದೆ.

ಸಂಸ್ಕೃತದ ಕಡೆಯಿಂದ ಬಂದ ಪದಗಳಲ್ಲಿ ಕೆಲವನ್ನು ಮಾತ್ರ ಹೇಳಬಹುದು. ಕಣ್ಣೆದುರಿಗಿರುವುದು ಪ್ರತ್ಯಕ್ಷ, ಕಣ್ಣಿನಾಚೆಯದು ಪರೋಕ್ಷ, ಕಣ್ಣಾರೆ ಕಂಡವನು ಸಾಕ್ಷಿ. ‘ಅದೃಷ್ಟ’ವೆಂದರೆ ಕಾಣದುದು ಎಂದಷ್ಟೇ, ಕಾರಣವು ಕಾಣದಿದ್ದಾಗ ಅದನ್ನೇ ಭಾಗ್ಯವೆಂದು ಕರೆದರು. ‘ಅಧ್ಯಕ್ಷ’ನು ಮೇಲಿನಿಂದ ಕಣ್ಣಿಟ್ಟು ನೋಡುವವನು; ಜೀರ್ಣೋದ್ಧಾರ ಸಮಿತಿಗಳಲ್ಲಿ ಈ ಪದವಿಯನ್ನು ಹೊತ್ತವರು ಕಲ್ಲು ಮರಳಿನ ಲೆಕ್ಕವನ್ನೂ ನೋಡಬೇಕೆಂಬುದು ಪದದಲ್ಲಿಯೇ ಅಡಗಿದೆ! ‘ದರ್ಶನ’ಕ್ಕಾದರೋ ಕಾಣುವುದು ಮಾತ್ರವಲ್ಲ, ತತ್ತ್ವವೆಂಬ ಅರ್ಥವೂ ಉಂಟು. ತುಳುನಾಡಿನಲ್ಲಿ ಪಾತ್ರಿಯ ಮೈಮೇಲೆ ದೈವದ ಆವೇಶವಾಗುವುದಕ್ಕೂ ‘ದರ್ಶನ’ವೆಂದೇ ಹೆಸರು.

ಈ ಕೊನೆಯ ಬಳಕೆಯು ಆಕಸ್ಮಿಕವಲ್ಲವೆಂಬುದಕ್ಕೆ ಉತ್ತರ ಕೇರಳದ ತೆಯ್ಯವೇ ನಿದರ್ಶನ. ಬಣ್ಣ ಬರೆದು, ಮುಡಿಯನ್ನು ತಲೆಗೇರಿಸಿದ ಮೇಲೆ ಕಲಾವಿದನ ಕೈಗೆ ಕನ್ನಡಿಯನ್ನು ಕೊಡುತ್ತಾರೆ. ಇದಕ್ಕೆ ‘ಮುಖದರ್ಶನ’ವೆಂದು ಹೆಸರು. ಅವನು ತನ್ನ ಮುಖವನ್ನು ನೋಡಲು ಹೋಗಿ ದೈವದ ಮುಖವನ್ನು ಕಾಣುತ್ತಾನೆ. ಆ ಗಳಿಗೆಯಿಂದ ಅವನು ಬರಿಯ ಮನುಷ್ಯನಲ್ಲ.

ಆದರೆ ಕಾಣುವ ಭಾಗ್ಯವು ಎಲ್ಲರಿಗೂ ಸಮನಾಗಿ ದೊರೆತಿರಲಿಲ್ಲವೆಂಬುದನ್ನು ಮರೆಮಾಚಿದರೆ ಈ ಪದಗಳಿಗೆ ಅನ್ಯಾಯವಾದೀತು. ಕೇರಳದಲ್ಲಿ ಕೆಲವು ಜಾತಿಗಳವರನ್ನು ಮುಟ್ಟಬಾರದೆಂಬುದಷ್ಟೇ ಅಲ್ಲ, ಅವರು ಮೇಲಿನವರ ಕಣ್ಣಿಗೂ ಬೀಳಬಾರದೆಂಬ ಕಟ್ಟಳೆಯಿತ್ತು. ದೇವರನ್ನು ಕಾಣುವುದಂತೂ ದೂರವೇ ಉಳಿಯಿತು. ತಿರುವಾಂಕೂರಿನ ಅರಸರು 1936ನೆಯ ನವೆಂಬರ್ 12ರಂದು ದೇವಾಲಯ ಪ್ರವೇಶದ ಘೋಷಣೆಯನ್ನು ಹೊರಡಿಸಿದರು. ಕಾಸರಗೋಡು ಆಗ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೇರಳಕ್ಕೆ ಸೇರಿದುದು 1956ರ ನವೆಂಬರ್ 1ರಂದು. ಮದ್ರಾಸಿನ 1947ರ ದೇವಾಲಯ ಪ್ರವೇಶ ಕಾಯಿದೆಯು ಇಲ್ಲಿಯ ಬಾಗಿಲುಗಳಿಗೂ ಅನ್ವಯಿಸಿತು. ಅಲ್ಲಿಯ ತನಕ ಎಷ್ಟೋ ತಲೆಮಾರುಗಳು ಗೋಪುರದಾಚೆಯೇ ಕೈಮುಗಿದು ಹಿಂತಿರುಗಿದ್ದವು.

ಉಡುಪಿಯ ಕನಕನ ಕಿಂಡಿಯ ಐತಿಹ್ಯವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಕೇಳಬೇಕು. ಕನಕದಾಸರು ನೋಡಲು ಬಂದರು, ಗೋಡೆಯು ಅಡ್ಡವಾಯಿತು. ಗೋಡೆ ಬಿರಿದು, ಪಶ್ಚಿಮಕ್ಕೆ ತಿರುಗಿದ ಕೃಷ್ಣನು ಅವರಿಗೆ ‘ಕಾಣಿಸಿಕೊಂಡನು’ ಎಂದು ಜನರು ಹೇಳುತ್ತಾರೆ. ಈ ಕ್ರಿಯಾಪದಕ್ಕೆ ಕರ್ತೃ ದೇವರೇ. ನೋಡುವುದನ್ನು ತಡೆಯುವ ಅಧಿಕಾರ ಮನುಷ್ಯರ ಕೈಯಲ್ಲಿದ್ದಿತು; ಕಾಣಿಸಿಕೊಳ್ಳುವುದನ್ನು ತಡೆಯುವುದು ಅವರಿಂದಾಗಲಿಲ್ಲ. ಇಷ್ಟನ್ನು ಕನ್ನಡದ ವ್ಯಾಕರಣವೇ ನುಡಿಯುತ್ತದೆ.

ದೇವಾಲಯದ ರಚನೆಯೂ ಇದೇ ಅರ್ಥಕ್ಕೆ ಹೊಂದಿಕೊಂಡಿದೆ. ಕೇರಳ ಪದ್ಧತಿಯ ಶ್ರೀಕೋವಿಲಿನಲ್ಲಿ ಸಾಮಾನ್ಯವಾಗಿ ತೆರೆಯುವ ಬಾಗಿಲು ಒಂದೇ. ಉಳಿದ ಮೂರು ದಿಕ್ಕುಗಳಲ್ಲಿರುವವು ತೆರೆಯಲಾಗದ ಘನದ್ವಾರಗಳು. ಒಳಗೆ ಕತ್ತಲು. ನೈವೇದ್ಯದ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ಮತ್ತೆ ತೆರೆದು ಆರತಿಯನ್ನು ಎತ್ತಿದಾಗ ಕತ್ತಲೊಳಗಿಂದ ಮುಖವು ಮೂಡಿ ಬರುತ್ತದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಬಿಂಬದ ನೆತ್ತಿಯ ಮೇಲೆಯೇ ವಿದ್ಯುದ್ದೀಪವನ್ನು ಬಿಗಿಯುವವರು ನೋಟವನ್ನು ಹೆಚ್ಚಿಸುವರಾದರೂ ಕಾಣ್ಕೆಯನ್ನು ಕಡಿಮೆ ಮಾಡುತ್ತಾರೆ. ಬೆಳಕಿಗಿಂತ ಹೆಚ್ಚು ಅಗತ್ಯವಾದುದು ಬಾಗಿಲ ನೇರವು ತೆರವಾಗಿರುವುದು. ಕಂಬಿ, ಡಬ್ಬಿ, ದಾನಿಗಳ ಹೆಸರಿನ ಫಲಕಗಳು ಆ ನೇರಕ್ಕೆ ಅಡ್ಡ ಬಾರದಿದ್ದರೆ ಹಿಂದೆ ನಿಂತ ಮುದುಕಿಗೂ ದೇವರು ಕಂಡಾನು.

ಉತ್ಸವದಲ್ಲಿ ಪಳ್ಳಿಬೇಟೆಯ ಮರುದಿನ ಬೆಳಗ್ಗೆ ಈ ನೇರವು ಬೇರೊಂದು ಕೆಲಸಕ್ಕೆ ಒದಗುತ್ತದೆ. ರಾತ್ರಿ ಮಲಗಿಸಿದ ದೇವರನ್ನು ಎಬ್ಬಿಸುವ ಹೊತ್ತಿಗೆ ಕರುವಿನೊಡನೆ ಹಸುವನ್ನು ಎದುರಿಗೆ ತಂದು ನಿಲ್ಲಿಸುವ ಪದ್ಧತಿಯುಂಟು. ಅದು ಭಕ್ತರಿಗಾಗಿ ಇಟ್ಟುದಲ್ಲ. ಕಣ್ಣು ತೆರೆದ ದೇವರು ಮೊದಲು ಕಾಣಬೇಕಾದ ಕಣಿ.