ಕುಳಿತೇಳುವ ಕಸರತ್ತು: ಯಾವ ಬಗೆ ಯಾರಿಗೆ?

ಕುಳಿತು ಏಳುವುದು ಮನುಷ್ಯನು ನಡೆಯಲು ಕಲಿಯುವ ಹೊತ್ತಿಗೇ ಕಲಿತುಬಿಡುವ ವಿದ್ಯೆ. ರಾಯಚೂರು ಜಿಲ್ಲೆಯ ಮಲ್ಲಟದಂಥ ಊರುಗಳಿಗೆ ಹೋದರೆ ಈ ವಿದ್ಯೆಯನ್ನು ಮುಪ್ಪಿನವರೆಗೂ ಮರೆಯದವರನ್ನು ಕಾಣಬಹುದು. ಕಟ್ಟೆಯ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಮಾತಿಗೆ ತೊಡಗಿದ ಹಿರಿಯರು, ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳು ಅಂಗಾಲನ್ನು ಪೂರ್ತಿಯಾಗಿ ನೆಲಕ್ಕೆ ಊರಿ, ತೊಡೆಯನ್ನು ಮೀನಖಂಡಕ್ಕೆ ತಾಗಿಸಿ, ಬಹುಹೊತ್ತು ಹಾಗೆಯೇ ಇರಬಲ್ಲರು. ಆದರೆ ಅದೇ ಊರಿನ ಹುಡುಗನು ಕಾಲೇಜಿಗೆಂದು ಪಟ್ಟಣ ಸೇರಿ ವ್ಯಾಯಾಮಶಾಲೆಗೆ ಕಾಲಿಟ್ಟನೆಂದರೆ, ಕುಳಿತೇಳುವುದರಲ್ಲಿಯೂ ಹತ್ತು ಮತಗಳುಂಟೆಂದು ಅವನಿಗೆ ತಿಳಿಯುತ್ತದೆ. ಭಾರವನ್ನು ಬೆನ್ನ ಮೇಲೆ ಹೊರಬೇಕೆಂದು ಒಬ್ಬನು ಹೇಳಿದರೆ, ಎದೆಯ ಮುಂದೆ ಹಿಡಿಯಬೇಕೆಂದು ಇನ್ನೊಬ್ಬನು. ಪೂರ್ತಿ ಕುಳಿತರೆ ಮೊಣಕಾಲು ಕೆಡುತ್ತದೆಂದು ಮೂರನೆಯವನು. ಪೊಲೀಸು ಇಲಾಖೆಗೋ ಸೈನ್ಯಕ್ಕೋ ಸೇರಬೇಕೆಂದು ಓಟ, ಜಿಗಿತ, ಗುಂಡೆಸೆತಗಳ ಪರೀಕ್ಷೆಗೆ ಕಾಲು ಗಟ್ಟಿಮಾಡಿಕೊಳ್ಳುತ್ತಿರುವ ತರುಣ ತರುಣಿಯರು ಈ ಭಾಗದಲ್ಲಿ ಕಡಿಮೆಯಿಲ್ಲ. ಪರೀಕ್ಷೆಯ ಹೊತ್ತಿಗೆ ಮೊಣಕಾಲು ಊದಿಕೊಂಡರೆ ನೌಕರಿಯೇ ತಪ್ಪುವವರಿಗೆ ಇದು ಹರಟೆಯ ವಿಷಯವಲ್ಲ. ಆದುದರಿಂದ ಈ ಮತಭೇದವನ್ನು ಸ್ವಲ್ಪ ಭೌತವಿಜ್ಞಾನದ ಬೆಳಕಿನಲ್ಲಿ ನೋಡೋಣ.

ಕನ್ನಡದಲ್ಲಿ ಬಸ್ಕಿ ಎಂದೂ, ಗರಡಿಯವರ ಮಾತಿನಲ್ಲಿ ಬೈಠಕ್ ಎಂದೂ, ಇಂದಿನ ಜಿಮ್ಮುಗಳಲ್ಲಿ ಸ್ಕ್ವಾಟ್ ಎಂದೂ ಕರೆಯುವುದು ಒಂದೇ ಚಲನೆಯ ಹಲವು ರೂಪಗಳನ್ನು. (ಶಾಲೆಗಳಲ್ಲಿ ಕಿವಿ ಹಿಡಿಸಿ ಇದನ್ನು ಶಿಕ್ಷೆಯನ್ನಾಗಿ ಬಳಸಿ, ಇಷ್ಟು ಒಳ್ಳೆಯ ಕಸರತ್ತಿನ ಹೆಸರು ಕೆಡಿಸಿದ್ದು ನಮ್ಮ ದುರ್ದೈವ.) ಈ ಎಲ್ಲ ರೂಪಗಳಲ್ಲಿಯೂ ಸೊಂಟ, ಮೊಣಕಾಲು, ಪಾದದ ಹರಡು ಎಂಬ ಮೂರು ಕೀಲುಗಳು ಒಟ್ಟಿಗೆ ಮಡಚಿ ಒಟ್ಟಿಗೆ ಬಿಚ್ಚುತ್ತವೆ. ಭೇದವಿರುವುದು ಯಾವ ಕೀಲು ಎಷ್ಟು ದುಡಿಯುತ್ತದೆ ಎಂಬುದರಲ್ಲಿ.

ಭಾರ ಹೊತ್ತು ಕುಳಿತವನು ಬೀಳದಿರಬೇಕಾದರೆ, ಭಾರದಿಂದ ನೆಲಕ್ಕೆ ಇಳಿಬಿಟ್ಟ ಲಂಬರೇಖೆಯು ಹೆಚ್ಚುಕಡಿಮೆ ಪಾದದ ನಡುವೆ ಬೀಳಬೇಕು. ಗೌಂಡಿಯು ಗೋಡೆಗೆ ಹಿಡಿಯುವ ತೂಗುಗುಂಡಿನ ದಾರವನ್ನು ಇಲ್ಲಿ ನೆನೆದುಕೊಳ್ಳಿರಿ. ಈ ದಾರಕ್ಕಿಂತ ಮುಂದೆ ಮೊಣಕಾಲಿದೆ, ಹಿಂದೆ ಸೊಂಟವಿದೆ. ದಾರದಿಂದ ಕೀಲು ಎಷ್ಟು ದೂರವೋ ಅಷ್ಟರಮಟ್ಟಿಗೆ ಭಾರವು ಆ ಕೀಲನ್ನು ಮಡಚಲು ಯತ್ನಿಸುತ್ತದೆ. ಸನ್ನೆಗೋಲಿನ ಪಾಠದಲ್ಲಿ ನಾವು ಓದಿದ ನಿಯಮವೇ ಇದು: ಬಲವನ್ನು ದೂರದಿಂದ ಗುಣಿಸಿದರೆ ತಿರುಗುಬಲ, ಎಂದರೆ ಟಾರ್ಕ್, ದೊರೆಯುತ್ತದೆ.

ಒಂದು ಲೆಕ್ಕ ಮಾಡೋಣ. ದೇಹದ ತೂಕವನ್ನು ಸದ್ಯಕ್ಕೆ ಮರೆತು, 50 ಕಿಲೋಗ್ರಾಂ ಹೊರೆಯನ್ನು ಮಾತ್ರ ಗಣಿಸುವುದಾದರೆ ಅದರ ಬಲ ಸುಮಾರು 490 ನ್ಯೂಟನ್. ತೊಡೆಯ ಉದ್ದ 40 ಸೆಂಟಿಮೀಟರ್ ಇರಲಿ. ತೊಡೆಯು ನೆಲಕ್ಕೆ ಸಮಾನಾಂತರವಾಗುವವರೆಗೆ ಕುಳಿತಿದ್ದೇವೆಂದು ಭಾವಿಸಿರಿ. ಮೊಣಕಾಲು ದಾರಕ್ಕಿಂತ 18 ಸೆಂಟಿಮೀಟರ್ ಮುಂದಿದ್ದರೆ ಸೊಂಟವು 22 ಸೆಂಟಿಮೀಟರ್ ಹಿಂದಿರಲೇಬೇಕು. ಆಗ ಮೊಣಕಾಲುಗಳ ಪಾಲಿಗೆ ಸುಮಾರು 88 ನ್ಯೂಟನ್-ಮೀಟರ್, ಸೊಂಟದ ಪಾಲಿಗೆ 108. ಈಗ ಮೊಣಕಾಲನ್ನು ಹಿಂದಕ್ಕೆ ಸರಿಸಿ, ಪೃಷ್ಠವನ್ನು ಹಿಂದಕ್ಕೆ ಚಾಚಿ, ಮುಂಡವನ್ನು ಬಾಗಿಸಿ ಕುಳಿತರೆ ದೂರಗಳು 10 ಮತ್ತು 30 ಆಗುತ್ತವೆ. ಮೊಣಕಾಲಿಗೆ 49, ಸೊಂಟಕ್ಕೆ 147. ಎರಡು ಸಲವೂ ಕೂಡಿಸಿ ನೋಡಿರಿ: 196. ದುಡಿಮೆ ಎಲ್ಲಿಗೂ ಹೋಗಿಲ್ಲ. ಒಂದು ಕೀಲಿನ ಪಾಲು ಇನ್ನೊಂದಕ್ಕೆ ಸಂದಿದೆ, ಅಷ್ಟೆ. ಬಸ್ಕಿಯ ಬಗೆಗಳೆಂದರೆ ಬಹುಮಟ್ಟಿಗೆ ಈ ಪಾಲು ಹಂಚಿಕೆಯ ಬಗೆಗಳು.

ನಿಜವಾದ ದೇಹವು ನಮ್ಮ ಚಿತ್ರದಷ್ಟು ಸರಳವಲ್ಲ. ಅಮೆರಿಕದಲ್ಲಿ ಫ್ರೈ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮೊಣಕಾಲು ಕಾಲ್ಬೆರಳುಗಳನ್ನು ದಾಟದಂತೆ ಮುಂದೊಂದು ಹಲಗೆಯನ್ನು ಅಡ್ಡ ನಿಲ್ಲಿಸಿ ಬಸ್ಕಿ ಮಾಡಿಸಲಾಯಿತು. ಮೊಣಕಾಲಿನ ತಿರುಗುಬಲವು ಸುಮಾರು 150ರಿಂದ 117 ನ್ಯೂಟನ್-ಮೀಟರಿಗೆ ಇಳಿಯಿತು. ಆದರೆ ಸೊಂಟದ್ದು 28ರಿಂದ 303ಕ್ಕೆ ಏರಿತು! ಮುಂಡವು ಬಾಗಿದಾಗ ಅದರ ಸ್ವಂತ ತೂಕವೂ ಲೆಕ್ಕಕ್ಕೆ ಸೇರುವುದರಿಂದ ಇಲ್ಲಿ ಮೊತ್ತ ಸಮನಾಗಿ ಉಳಿಯುವುದಿಲ್ಲ. ಪಾಲು ಸರಿಯುವ ದಿಕ್ಕು ಮಾತ್ರ ನಮ್ಮ ಲೆಕ್ಕ ತೋರಿಸಿದ್ದೇ. ಮೊಣಕಾಲು ಬೆರಳನ್ನು ದಾಟಬಾರದೆಂದು ಕಂಡಕಂಡವರಿಗೆ ವಿಧಿಸುವವರು, ಮೊಣಕಾಲಿಗೆ ಉಳಿಸಿದ ಕಾಸನ್ನು ಸೊಂಟ ಬೆನ್ನುಗಳಿಂದ ಬಡ್ಡಿಸಹಿತ ವಸೂಲು ಮಾಡುತ್ತಿದ್ದೇವೆಂಬುದನ್ನು ಅರಿಯರು.

ಇಷ್ಟು ತಿಳಿದ ಮೇಲೆ ಬಗೆಗಳನ್ನು ನೋಡುವುದು ಸುಲಭ. ಗರಡಿಯ ಬೈಠಕ್ಕಿನಲ್ಲಿ ಕೈಗಳನ್ನು ತೂಗುತ್ತ ಕೆಳಗಿಳಿಯುವಾಗ ಹಿಮ್ಮಡಿ ಮೇಲೇಳುತ್ತದೆ, ಮೊಣಕಾಲು ಬಹು ಮುಂದಕ್ಕೆ ಬರುತ್ತದೆ. ತೊಡೆಯ ಮುಂಭಾಗದ ಸ್ನಾಯುಗಳದೇ ಮುಖ್ಯ ಕೆಲಸ. ಹೊರೆಯಿಲ್ಲ, ಎಣಿಕೆ ದೊಡ್ಡದು. 1960ರಲ್ಲಿ ತೀರಿಕೊಂಡ ಗಾಮಾ ಪೈಲವಾನರು ದಿನಕ್ಕೆ ಸಾವಿರಗಟ್ಟಲೆ ಬೈಠಕ್ ಹೊಡೆಯುತ್ತಿದ್ದರೆಂದು ಹೇಳುವುದುಂಟು. ಇದರಿಂದ ಬರುವುದು ದಣಿಯದೆ ದುಡಿಯುವ ತಾಳಿಕೆ, ಉಸಿರಿನ ಹಿಡಿತ. ಕುಸ್ತಿಗೆ ಬೇಕಾದದ್ದೂ ಅದೇ. ಆದರೆ ಒಂದೇ ಸಲಕ್ಕೆ ಹೆಚ್ಚಿನ ಭಾರವನ್ನೆತ್ತುವ ಶಕ್ತಿ ಬೇಕಾದವನು, ಐವತ್ತು ಬೈಠಕ್ ಸಲೀಸಾದ ಬಳಿಕ ಐನೂರಕ್ಕೆ ಹೋಗುವುದಕ್ಕಿಂತ ಹೊರೆಯನ್ನು ಏರಿಸುವುದೇ ಸರಿ. ಸ್ನಾಯುವು ತಾನು ಎದುರಿಸಿದ ಪ್ರತಿರೋಧಕ್ಕೆ ತಕ್ಕಂತೆ ಬಲಿಯುತ್ತದೆ.

ಬಾರ್‌ಬೆಲ್ಲನ್ನು ಬೆನ್ನ ಮೇಲೆ ಹೊತ್ತರೆ ಮುಂಡವು ಸ್ವಲ್ಪ ಬಾಗುತ್ತದೆ. ಕತ್ತಿನ ಬುಡದಿಂದ ಹೆಗಲಮೂಳೆಯ ಕಡೆಗೆ ಕೆಳಗಿಳಿಸಿದಷ್ಟೂ ಹೆಚ್ಚು ಬಾಗುತ್ತದೆ. ಸೊಂಟದ ದೊಡ್ಡ ಸ್ನಾಯುಗಳು ನೆರವಿಗೆ ಬರುವುದರಿಂದ ಅತಿ ಹೆಚ್ಚಿನ ಭಾರವನ್ನು ಎತ್ತಬಲ್ಲದ್ದು ಈ ಬಗೆಯಲ್ಲಿಯೇ. ಎದೆಯ ಮುಂದೆ, ಹೆಗಲಿನ ಮುಂಭಾಗದಲ್ಲಿ ಹಿಡಿದರೆ ಮುಂಡವು ನೆಟ್ಟಗಿರಲೇಬೇಕು, ಇಲ್ಲವಾದರೆ ಬಾರ್ ಉರುಳಿ ಬೀಳುತ್ತದೆ. ಮೊಣಕಾಲಿನ ಪಾಲು ಹೆಚ್ಚುತ್ತದೆ, ಆದರೆ ಎತ್ತಬಲ್ಲ ಭಾರವೇ ಕಡಿಮೆಯಾಗುತ್ತದೆ. 2009ರಲ್ಲಿ ಪಳಗಿದ 15 ಮಂದಿಯನ್ನು ಅವರವರ ಗರಿಷ್ಠ ಭಾರದ ಶೇಕಡಾ 70ರಲ್ಲಿ ಪರೀಕ್ಷಿಸಿದಾಗ, ಸ್ನಾಯುಗಳ ಒಟ್ಟು ದುಡಿಮೆಯಲ್ಲಿ ಎರಡು ಬಗೆಗಳಿಗೂ ಗಮನಾರ್ಹ ಭೇದ ಕಾಣಲಿಲ್ಲ. ಮೊಣಕಾಲಿನ ಮೇಲಿನ ಒತ್ತಡ ಮಾತ್ರ ಮುಂದೆ ಹಿಡಿದಾಗಲೇ ಕಡಿಮೆಯಿತ್ತು. ಕಡಿಮೆ ಭಾರದಿಂದ ಸರಿಸಮನಾದ ಕೆಲಸ! ಬಾರ್‌ಬೆಲ್ಲಿನ ತಟ್ಟೆಗಳನ್ನು ಎಣಿಸಿ ಪೌರುಷವನ್ನು ಅಳೆಯುವವರಿಗೆ ಈ ಮಾತು ರುಚಿಸಲಾರದು.

ಇನ್ನು ಅಪ್ಪಿ ಎತ್ತುವ ಬಗೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೋ ಜೋಳದ ಚೀಲವನ್ನೋ ಎತ್ತುವ ಪಂದ್ಯಗಳನ್ನು ನೋಡಿದವರಿಗೆ ಇದು ಹೊಸತಲ್ಲ. ಕುಕ್ಕರಗಾಲಿನಲ್ಲಿ ಕುಳಿತು, ಗುಂಡನ್ನು ತೊಡೆಯ ಮೇಲೆ ಉರುಳಿಸಿಕೊಂಡು, ಎದೆಗೆ ಅವಚಿ ಮೇಲೇಳುವುದು ಒಂದು ಪೂರ್ಣ ಬಸ್ಕಿಯೇ. ಅಮೆರಿಕದ ಸೇಂಟ್ ಲೂಯಿಸ್ ನಗರದ ಎಡ್ ಜರ್ಚರ್ ಎಂಬ ಬಲಶಾಲಿ 1930ರ ದಶಕದಲ್ಲಿ ಬಾರ್‌ಬೆಲ್ಲನ್ನು ಮೊಣಕೈ ಮಡಚಿನಲ್ಲಿ ಇರಿಸಿಕೊಂಡು ಮಾಡುತ್ತಿದ್ದ ಬಸ್ಕಿಗೆ ಅವನ ಹೆಸರೇ ನಿಂತಿತು. ನಮ್ಮ ಚೀಲ ಎತ್ತುವವರು ಅದಕ್ಕೆ ಹೆಸರಿಡಲಿಲ್ಲ, ಅಷ್ಟೇ ವ್ಯತ್ಯಾಸ. ಮಾರುಕಟ್ಟೆಯ ಹಮಾಲರದು ಬೇರೆ ರೀತಿ. ಇಬ್ಬರು ಸೇರಿ ಚೀಲವನ್ನೆತ್ತಿ ಬೆನ್ನಿಗೆ ಕೊಡುತ್ತಾರೆ. ಹೊತ್ತವನು ಮೊಣಕಾಲನ್ನು ತುಸುವೇ ಮಡಚುತ್ತಾನೆ. ಅದು ಅರೆಬಸ್ಕಿ. ದಿನವಿಡೀ ಕ್ವಿಂಟಲ್ ಲೆಕ್ಕದಲ್ಲಿ ಹೊರುವವನಿಗೆ ಪೂರ್ಣ ಕುಳಿತೇಳುವ ಚಪಲ ಸಲ್ಲದು.

ಹಾಗಾದರೆ ಪೂರ್ತಿ ಕುಳಿತರೆ ಮೊಣಕಾಲು ಕೆಡುತ್ತದೆಂಬ ಭೀತಿ ಎಲ್ಲಿಂದ ಬಂತು? 1961ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಎಂಬವರು, ಆಳವಾದ ಬಸ್ಕಿಯಿಂದ ಮೊಣಕಾಲಿನ ಅಸ್ಥಿರಜ್ಜುಗಳು ಸಡಿಲವಾಗುತ್ತವೆಂದು ಬರೆದರು. ಹಲವು ತರಬೇತುದಾರರು ಇದನ್ನು ನಂಬಿ ಅರ್ಧಕ್ಕೇ ನಿಲ್ಲಿಸತೊಡಗಿದರು. ಮುಂದೆ, 1971ರ ಮೈಯರ್ಸರ ಪ್ರಯೋಗವೂ ಸೇರಿ, ಅದೇ ಪ್ರಶ್ನೆಯನ್ನು ಮತ್ತೆ ಪರೀಕ್ಷಿಸಿದವರಿಗೆ ಅಂಥ ಸಡಿಲಿಕೆ ಕಂಡುಬರಲಿಲ್ಲ. ಆರೋಗ್ಯವಂತ ಮೊಣಕಾಲಿಗೆ, ಕ್ರಮವಾಗಿ ಏರಿಸಿದ ಭಾರದೊಡನೆ, ಆಳವಾಗಿ ಕುಳ್ಳಿರುವುದು ಅಪಾಯವಲ್ಲವೆಂಬುದು ಇಂದಿನ ತಿಳಿವಳಿಕೆ. ಲಾಭವೂ ಉಂಟು. ಜಪಾನಿನಲ್ಲಿ ಕುಬೋ ಮತ್ತು ಸಂಗಡಿಗರು 17 ಮಂದಿ ಗಂಡಸರನ್ನು ಎರಡು ತಂಡ ಮಾಡಿ 10 ವಾರ ಬಸ್ಕಿ ಮಾಡಿಸಿ 2019ರಲ್ಲಿ ಫಲಿತವನ್ನು ಪ್ರಕಟಿಸಿದರು. ತೊಡೆಯ ಮುಂಭಾಗವು ಎರಡು ತಂಡಗಳಲ್ಲಿಯೂ ಶೇಕಡಾ 5ರ ಸಮೀಪ ಬೆಳೆದಿತ್ತು. ಪೃಷ್ಠದ ಸ್ನಾಯು ಮಾತ್ರ ಪೂರ್ಣ ಕುಳಿತವರಲ್ಲಿ ಶೇಕಡಾ 6.7, ಅರ್ಧ ಕುಳಿತವರಲ್ಲಿ 2.2. ತೊಡೆಯ ಒಳಬದಿಯ ಸ್ನಾಯುಗಳಲ್ಲಿಯೂ ಇಂಥದೇ ಅಂತರ. ಓಟಕ್ಕೂ ಜಿಗಿತಕ್ಕೂ ಪೃಷ್ಠದ ಬಲವೇ ಬೇಕಾದುದರಿಂದ ಈ ಅಂಕಿಗಳು ವಿದ್ಯಾರ್ಥಿಗೆ ಮುಖ್ಯ. ಮೊಣಕಾಲಿಗೆ ಮೊದಲೇ ಪೆಟ್ಟು ಬಿದ್ದಿರುವವರ ಮಾತು ಬೇರೆ. ಅವರು ವೈದ್ಯರನ್ನು ಕೇಳದೆ ಆಳಕ್ಕೆ ಇಳಿಯಬಾರದು.

ಆಯ್ಕೆಯಲ್ಲಿ ಮೈಕಟ್ಟಿಗೂ ಪಾಲಿದೆ. ತೊಡೆಯೆಲುಬು ಉದ್ದವಾಗಿ ಮುಂಡವು ಗಿಡ್ಡವಾಗಿರುವವರು ಎಷ್ಟೇ ಯತ್ನಿಸಿದರೂ ಹೆಚ್ಚು ಬಾಗುತ್ತಾರೆ. ಅದು ದೋಷವಲ್ಲ, ರೇಖಾಗಣಿತ. ಅಂಥವರು ಹೊರೆಯನ್ನು ಮುಂದೆ ಹಿಡಿದರೆ, ಇಲ್ಲವೆ ಕಾಲುಗಳನ್ನು ಅಗಲಿಸಿ ನಿಂತರೆ, ನೆಟ್ಟಗಾಗುತ್ತಾರೆ. ಪಾದದ ಹರಡು ಬಿಗಿಯಾಗಿರುವವರು ಹಿಮ್ಮಡಿಯ ಕೆಳಗೆ ಒಂದಂಗುಲದ ಹಲಗೆಯನ್ನಿಟ್ಟುಕೊಳ್ಳಬಹುದು. ಭಾರ ಎತ್ತುವ ಕ್ರೀಡೆಯವರ ಬೂಟಿಗೆ ಎತ್ತರದ ಹಿಮ್ಮಡಿ ಇರುವುದೂ ಇದಕ್ಕಾಗಿಯೇ. ದಿನವೂ ಕುಕ್ಕರಗಾಲಿನಲ್ಲಿ ಕುಳಿತು ಬೆಳೆದವರಿಗೆ ಸಾಮಾನ್ಯವಾಗಿ ಈ ಹಲಗೆ ಬೇಕಾಗದು. ಪಟ್ಟಣದ ಕುರ್ಚಿಯ ಮಕ್ಕಳಿಗಿಲ್ಲದ ಸಂಪತ್ತಿದು.

ಇಷ್ಟಾನಿಷ್ಟವನ್ನೂ ನಾವು ಕೀಳೆಂದು ಎಣಿಸುವುದಿಲ್ಲ. ಎರಡು ಬಗೆಗಳ ಫಲದಲ್ಲಿ ಭೇದವು ಅಲ್ಪವಾಗಿರುವಾಗ, ಆರು ತಿಂಗಳು ಬಿಡದೆ ಮಾಡಬಹುದಾದ ಬಗೆಯೇ ಮೇಲು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ‘ಶಾಂತಲಾ’ ಕಾದಂಬರಿಯನ್ನೂ ಬರೆದ ಕೆ. ವಿ. ಅಯ್ಯರ್ ಅವರು ಸೂರ್ಯನಮಸ್ಕಾರ ಯೋಗಾಸನಗಳನ್ನೂ ಪಾಶ್ಚಾತ್ಯ ಭಾರಸಾಧನೆಯನ್ನೂ ಒಂದೇ ಸೂರಿನಡಿ ಕಲಿಸಿದರು. ದೇಶೀಯವೋ ವಿದೇಶೀಯವೋ ಎಂಬ ಜಗಳ ಅವರಿಗೆ ಅಡ್ಡಬರಲಿಲ್ಲ. ಉಪಕರಣವಿಲ್ಲವೆಂಬ ಕೊರಗೂ ಬೇಡ. 1921ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಹೋದ ಸ್ಟೈನ್‌ಬಾರ್ನ್ ಎಂಬ ಜಟ್ಟಿಯು, ಬಾರ್‌ಬೆಲ್ಲನ್ನು ಇರಿಸಲು ಸ್ಟ್ಯಾಂಡ್ ಇಲ್ಲದೆಯೇ, ಅದನ್ನು ಒಂದು ತುದಿಯ ಮೇಲೆ ನಿಲ್ಲಿಸಿ ಹೆಗಲಿಗೆ ಒರಗಿಸಿಕೊಂಡು ಕುಳಿತೇಳುತ್ತಿದ್ದನು. ಇದು ಹೊಸಬರು ಅನುಕರಿಸತಕ್ಕ ಸಾಹಸವಲ್ಲ.

ಹೊಸಬರಿಗೆ ಉಸುಕಿನ ಚೀಲ ಸಾಕು. ಹತ್ತು ಲೀಟರಿನ ಬಕೆಟ್ಟಿನಲ್ಲಿ ಹಿಡಿಯುವ ಒಣ ಉಸುಕು ಸುಮಾರು 16 ಕಿಲೋಗ್ರಾಂ ತೂಗುತ್ತದೆ. ಗಟ್ಟಿಯಾದ ಒಂದು ಹಳೆಯ ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು, ಅದರೊಳಗೆ ಇನ್ನೊಂದು ಚೀಲವನ್ನಿಟ್ಟು, ಉಸುಕು ತುಂಬಿ ಬಾಯಿ ಬಿಗಿಯಿರಿ. ಅದನ್ನು ಎದೆಗೆ ಅವಚಿ, ಪಾದಗಳನ್ನು ಹೆಗಲಿನಗಲಕ್ಕೆ ಊರಿ, ಮೊಣಕಾಲು ಕಾಲ್ಬೆರಳಿನ ದಿಕ್ಕಿನಲ್ಲಿಯೇ ಸಾಗುವಂತೆ ಇಳಿದು ಏಳಬೇಕು. ಹಿಮ್ಮಡಿ ನೆಲ ಬಿಡಬಾರದು, ಬೆನ್ನು ಗೂನಾಗಬಾರದು. ಎಂಟು ಸಲದಂತೆ ಮೂರು ಸರದಿ, ವಾರಕ್ಕೆ ಎರಡು ದಿನ, ನಡುವೆ ಬಿಡುವಿರಲಿ. ಎಂಟು ಸಲೀಸಾಗಿ ಹನ್ನೆರಡಾದಾಗ ಎರಡು ಕಿಲೋ ಉಸುಕು ಸೇರಿಸಿರಿ. ತೊಡೆಯ ನೋವು ಎರಡು ದಿನದಲ್ಲಿ ಇಳಿಯುತ್ತದೆ. ಕೀಲಿನೊಳಗೆ ಚುಚ್ಚಿದಂತಾದರೆ ಅಂದಿಗೆ ನಿಲ್ಲಿಸಬೇಕು. ಚೀಲವನ್ನು ಅಪ್ಪಲು ತೋಳು ಸೋಲುವಷ್ಟು ಭಾರವಾದಾಗ ಬೆನ್ನ ಮೇಲಿನ ಬಾರ್‌ಬೆಲ್ಲಿಗೆ ಹೋಗಲು ಅಡ್ಡಿಯಿಲ್ಲ, ಆದರೆ ಆಗ ಪಕ್ಕದಲ್ಲಿ ಒಬ್ಬ ಗೆಳೆಯನಿರಬೇಕು. ರಾಯಚೂರು ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವುದರಿಂದ, ಚೈತ್ರ ವೈಶಾಖಗಳಲ್ಲಿ ಈ ಕಸರತ್ತನ್ನು ಹೊತ್ತು ಮೂಡುವುದಕ್ಕೆ ಮುಂಚೆಯೇ ಮುಗಿಸಿಕೊಳ್ಳುವುದು ಲೇಸು.