ಕಂದು ಹಲ್ಲೆಲ್ಲ ಕೊಳಕು ಹಲ್ಲಲ್ಲ



ಕೆಲವು ಮಕ್ಕಳಿಗೆ ಸ್ವಲ್ಪ ಜಾರಿ ಬಿದ್ದರೂ ಕೈಕಾಲು ಮುರಿಯುತ್ತದೆ. ಎತ್ತಿಕೊಳ್ಳುವಾಗಲೇ ಮೂಳೆ ಮುರಿಯುವುದೂ ಉಂಟು. ವೈದ್ಯರು ಇದನ್ನು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎನ್ನುತ್ತಾರೆ. ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಮೂಳೆಯನ್ನು ಹಿಡಿದಿಡುವ ಕೊಲಾಜನ್ ಎಂಬ ನಾರು ಸರಿಯಾಗಿ ತಯಾರಾಗುವುದಿಲ್ಲ. ಇದು ತಂದೆಯಿಂದ ಬರಬಹುದು, ತಾಯಿಯಿಂದ ಬರಬಹುದು, ಇಬ್ಬರಿಗೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಕಾಣಿಸಿಕೊಳ್ಳಲೂಬಹುದು. ಗ್ರಹಣದ ದಿನ ಬಸುರಿ ಹೊರಗೆ ಬಂದಿದ್ದಕ್ಕೆ ಹೀಗಾಯ್ತು ಅಂತ ಸೊಸೆಯನ್ನು ದೂರುವವರಿದ್ದಾರೆ. ಅದು ಶುದ್ಧ ಸುಳ್ಳು.

ಹಲ್ಲಿನ ಒಳಪದರಕ್ಕೂ ಇದೇ ನಾರು ಬೇಕು. ಆದ್ದರಿಂದ ಇಂಥ ಮಕ್ಕಳಲ್ಲಿ ಹಲವರಿಗೆ ಹಲ್ಲು ಹುಟ್ಟುವಾಗಲೇ ಕಂದು ಅಥವಾ ಬೂದು ಬಣ್ಣ ಇರುತ್ತದೆ. ಗೋಡೆ ಸಡಿಲವಾದರೆ ಗಾರೆ ಉದುರುವ ಹಾಗೆ ಮೇಲಿನ ಎನಾಮಲ್ ಚಕ್ಕೆ ಎದ್ದು ಹೋಗುತ್ತದೆ, ಆಮೇಲೆ ಹಲ್ಲು ಬೇಗ ಸವೆಯುತ್ತದೆ. ಎಷ್ಟು ಉಜ್ಜಿದರೂ ಆ ಬಣ್ಣ ಹೋಗದು. ತಾಯಿ ಹಲ್ಲುಜ್ಜಿಸಿಲ್ಲ ಅಂತ ಬೈಯುವುದು ಅನ್ಯಾಯ.

ಹಾಲುಹಲ್ಲು ಹೇಗೂ ಬೀಳುತ್ತೆ, ಖರ್ಚು ಯಾಕೆ ಅನ್ನುತ್ತೇವಲ್ಲ, ತೊಂದರೆ ಅಲ್ಲೇ ಇದೆ. ಈ ಕಾಯಿಲೆಯಲ್ಲಿ ಹೆಚ್ಚು ಹಾಳಾಗುವುದು ಹಾಲುಹಲ್ಲೇ. ಹಿಂದಿನ ಹಾಲು ದವಡೆ ಹಲ್ಲುಗಳು 10–12 ವರ್ಷದವರೆಗೂ ಅನ್ನ ಅಗಿಯಬೇಕು. ಸವೆಯುವ ಮೊದಲೇ ದಂತ ವೈದ್ಯರು ಅವಕ್ಕೆ ಸ್ಟೀಲ್ ಕ್ಯಾಪ್ ಹಾಕಿದರೆ ಹಲ್ಲು ಉಳಿಯುತ್ತದೆ. ಒಸಡಿನ ಮಟ್ಟಕ್ಕೆ ಸವೆದ ಮೇಲೆ ಕ್ಯಾಪ್ ಕೂರಿಸುವುದು ಕಷ್ಟ. ಮೊದಲ ಹಲ್ಲು ಬಂದಾಗಲೇ, ತಡವೆಂದರೆ ಒಂದು ವರ್ಷ ತುಂಬುವುದರೊಳಗೆ ತೋರಿಸಿ.

ಕುರ್ಚಿಯಲ್ಲಿ ಕೂರಿಸುವ ಮೊದಲೇ ಮೂಳೆ ಕಾಯಿಲೆ ಇದೆ ಅಂತ ಬಾಯಿಬಿಟ್ಟು ಹೇಳಿ. ಅಳುವ ಮಗುವನ್ನು ಕೈಕಾಲು ಒತ್ತಿ ಹಿಡಿಯಬಾರದು, ಮೂಳೆ ಮುರಿದೀತು. ಎತ್ತಿ ಅಭ್ಯಾಸ ಇರುವ ತಾಯಿಯೇ ಎತ್ತಲಿ. ಮೂಳೆ ಗಟ್ಟಿಯಾಗಲು ಪ್ಯಾಮಿಡ್ರೊನೇಟ್ ಅಥವಾ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಹಾಕಿಸುತ್ತಿದ್ದರೆ ಆ ಚೀಟಿ ತೋರಿಸಿ. ಹಲ್ಲು ಕೀಳುವ ಮುಂಚೆ ಇಬ್ಬರು ವೈದ್ಯರೂ ಮಾತಾಡಿಕೊಳ್ಳಬೇಕು.

ದವಡೆ ಮುರಿದೀತು ಅಂತ ಹೆದರಿ ಬ್ರಷ್ ಬಿಡಬೇಡಿ. ಮೆತ್ತನೆ ಬ್ರಷ್, ಫ್ಲೋರೈಡ್ ಪೇಸ್ಟ್ ಸಾಕು. ಮೂರು ವರ್ಷದವರೆಗೆ ಅಕ್ಕಿಕಾಳಷ್ಟು, ಆಮೇಲೆ ಬಟಾಣಿಯಷ್ಟು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಅವತ್ತು ಇಂಥ ಮಗು ಮನೆಯಲ್ಲೇ ಉಳಿಯದಂತೆ ನೋಡಿಕೊಳ್ಳಿ, ಅವರೇ ಮುಂದಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಬಸ್ ಚಾರ್ಜು, ಕ್ಯಾಪಿನ ಖರ್ಚಿಗೆ ಸಂಘದ ಆಂತರಿಕ ಸಾಲ ಕೊಡಬಹುದೇ? ಮುಂದಿನ ಸಭೆಯಲ್ಲಿ ಮಾತಾಡಿ.